ಹುದುಗಿನ ಪುಸ್ತಕಗಳಿಗೊಂದು ಕಪಾಟು

ಬಿಯರ್ ತಯಾರಿಕೆಯ ಯಾವ ಪಠ್ಯಪುಸ್ತಕ ತೆರೆದರೂ ಮೊದಮೊದಲ ಅಧ್ಯಾಯಗಳಲ್ಲೇ ಎದುರಾಗುವುದು ಕಾಳು ನೆನೆಸಿ, ಮೊಳಕೆ ಬರಿಸಿ, ಒಣಗಿಸುವ ಕೆಲಸ. ಕಾಮಗೆರೆ, ಹನೂರು, ಕೊಳ್ಳೇಗಾಲದ ಕಡೆ ಮಗುವಿನ ಸರಿಗೆ ರಾಗಿಯನ್ನು ಅಣಿಮಾಡುವುದೂ ಹೀಗೆಯೇ. ಹಿಂದಿನ ರಾತ್ರಿ ನೆನೆಹಾಕಿ, ನೀರು ಬಸಿದು ಬಟ್ಟೆಯಲ್ಲಿ ಗಂಟು ಕಟ್ಟುತ್ತಾರೆ. ಬಿಳಿ ಮೊಳಕೆ ಕಂಡ ಮೇಲೆ ಒಣಗಿಸಿ, ಕೈಯಲ್ಲಿ ಉಜ್ಜಿ, ಮೊರದಲ್ಲಿ ಕೇರಿ, ಹದವಾಗಿ ಹುರಿದು ಬೀಸುತ್ತಾರೆ. ಬಾರ್ಲಿಗೆ ಇದನ್ನೇ ಮಾಡಿದರೆ ಅದು ಮಾಲ್ಟ್. ಹುದುಗುವಿಕೆಯ ಪುಸ್ತಕಗಳ ಸಂಗ್ರಹವೊಂದನ್ನು ಈ ಸೀಮೆಯಲ್ಲಿ ಕಟ್ಟುವುದಾದರೆ ಮೊದಲು ಹಿಡಿಯಬೇಕಾದದ್ದು ರಾಗಿಯನ್ನೇ.

ಕಾನೂನಿನ ಮಾತು ಮೊದಲೇ ಸ್ಪಷ್ಟವಾಗಿರಬೇಕು. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿ ಇಲ್ಲದೆ ಮನೆಯಲ್ಲಿ ಮದ್ಯ ತಯಾರಿಸುವಂತಿಲ್ಲ. ಸಾರಾಯಿಯಂತೂ 2007ರ ಜುಲೈ 1ರಿಂದ ರಾಜ್ಯದಲ್ಲಿ ನಿಷಿದ್ಧ. ಓದಿಗೆ ಅಂಥ ಅಡ್ಡಿಯಿಲ್ಲ. ಆಹಾರ ವಿಜ್ಞಾನದ ವಿದ್ಯಾರ್ಥಿಗೆ, ರಾಗಿ ಮಾಲ್ಟ್ ಮಾಡಿ ಮಾರುವ ಮಹಿಳಾ ಸಂಘಕ್ಕೆ, ಬೆಂಗಳೂರಿನ ಮೈಕ್ರೋಬ್ರೂವರಿಯಲ್ಲಿ ಕೆಲಸ ಹುಡುಕುವ ಹುಡುಗನಿಗೆ ಈ ಪುಸ್ತಕಗಳು ಬೇಕು. ಭಟ್ಟಿ ಇಳಿಸುವ ಕೈಪಿಡಿಗಳು ಮಾತ್ರ ಈ ಕಪಾಟಿಗೆ ಬೇಡ.

ಮೊಳಕೆಯ ಕಾಳಿನೊಳಗೆ ನಡೆಯುವುದೇನೆಂದು ತಿಳಿಸುವ ಪುಸ್ತಕಗಳಿಗೆ ಮೊದಲ ಸಾಲು ಮೀಸಲು. 1833ರಲ್ಲಿ ಫ್ರಾನ್ಸಿನ ಪಯೆನ್ ಮತ್ತು ಪರ್ಸೋ ಎಂಬ ರಸಾಯನ ವಿಜ್ಞಾನಿಗಳು ಮಾಲ್ಟ್‌ನಿಂದ ಒಂದು ವಸ್ತುವನ್ನು ಬೇರ್ಪಡಿಸಿದರು. ಅದು ಪಿಷ್ಟವನ್ನು ಒಡೆದು ಸಕ್ಕರೆ ಮಾಡುತ್ತಿತ್ತು. ಡಯಾಸ್ಟೇಸ್ ಎಂದು ಹೆಸರಾದ ಅದರಿಂದಲೇ ಕಿಣ್ವಗಳ ವಿಜ್ಞಾನ ಆರಂಭವಾಯಿತು. ಮೊಳಕೆ ರಾಗಿಯ ಹಿಟ್ಟಿನಿಂದ ಕಾಯಿಸಿದ ಸರಿ ತೆಳ್ಳಗೆ, ಸಿಹಿಯಾಗಿ ಇರುವುದಕ್ಕೂ ಇದೇ ಕಾರಣ. ಮೈಸೂರಿನಲ್ಲಿ 1950ರಲ್ಲಿ ಚೆಲುವಾಂಬ ಅರಮನೆಯಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದಲ್ಲಿ ಎನ್. ಜಿ. ಮಲ್ಲೇಶಿ, ಎಚ್. ಎಸ್. ಆರ್. ದೇಶಿಕಾಚಾರ್ ಮೊದಲಾದವರು ರಾಗಿ ಮಾಲ್ಟನ್ನು ವಿವರವಾಗಿ ಅಭ್ಯಾಸ ಮಾಡಿದ್ದಾರೆ. ಮಾಲ್ಟ್ ಮಾಡಲು ಒದಗುವ ಕಿರುಧಾನ್ಯಗಳಲ್ಲಿ ರಾಗಿಗೆ ಎತ್ತರದ ಸ್ಥಾನವಿದೆ ಎಂಬುದನ್ನು ಕಾಣಿಸಿದ ಆ ಪ್ರಬಂಧಗಳ ಪ್ರತಿಗಳು ಕಪಾಟಿನಲ್ಲಿ ಇರಲೇಬೇಕು. ಕೊಳ್ಳೇಗಾಲದಿಂದ ಸುಮಾರು 60 ಕಿ.ಮೀ. ದೂರದಲ್ಲಿ ನಡೆದ ಕೆಲಸ ಅದು. ಅವುಗಳ ಪಕ್ಕದಲ್ಲಿ ಜಾನ್ ಮ್ಯಾಲೆಟ್ 2014ರಲ್ಲಿ ಬರೆದ ‘ಮಾಲ್ಟ್’ ಇಟ್ಟರೆ ಬಾರ್ಲಿಗೂ ರಾಗಿಗೂ ಇರುವ ಅಂತರ ತಿಳಿಯುತ್ತದೆ. ಬಾರ್ಲಿಗೆ ಹೊಟ್ಟಿದೆ, ರಸ ಬಸಿಯುವಾಗ ಆ ಹೊಟ್ಟೇ ಸೋಸುವ ಹಾಸಾಗುತ್ತದೆ. ಬಡಿದು ತೂರಿದ ರಾಗಿಯಲ್ಲಿ ಅಂಥ ಹೊಟ್ಟು ಉಳಿಯುವುದಿಲ್ಲ, ಬಟ್ಟೆಯೇ ಗತಿ. ಅದರ ಪಿಷ್ಟ ಬೇಯಲು ಬಾರ್ಲಿಗಿಂತ ಹೆಚ್ಚು ಕಾವೂ ಬೇಕು.

ರಾಗಿ ಬಂದದ್ದು ಆಫ್ರಿಕದಿಂದ. ಉಗಾಂಡದ ‘ಅಜೋನ್’, ನೇಪಾಳ ಮತ್ತು ಸಿಕ್ಕಿಂ ಕಡೆಯ ‘ಟೋಂಗ್ಬಾ’ ಎರಡೂ ರಾಗಿಯ ಪಾನೀಯಗಳೇ. ಮಂಡ್ಯದ ವಿ.ಸಿ. ಫಾರಂನಲ್ಲಿ ಸಿ. ಎಚ್. ಲಕ್ಷ್ಮಣಯ್ಯ ಅಭಿವೃದ್ಧಿಪಡಿಸಿದ ‘ಇಂಡಾಫ್’ ತಳಿಗಳ ಹೆಸರಿನಲ್ಲೇ ಭಾರತ, ಆಫ್ರಿಕ ಎರಡೂ ಸೇರಿವೆ. ಬಾರ್ಲಿಯೊಂದನ್ನೇ ಲೋಕವೆಂದು ತಿಳಿದ ಪುಸ್ತಕಗಳ ನಡುವೆ ಇಂಥ ಕಾಳುಗಳ ಕಥೆ ಹೇಳುವ ಗ್ರಂಥವೂ ಇರಬೇಕು. ಕೀತ್ ಸ್ಟೈನ್‌ಕ್ರಾಸ್ 1983ರಲ್ಲಿ ಸಂಪಾದಿಸಿದ ದೇಶೀಯ ಹುದುಗು ಆಹಾರಗಳ ಕೈಪಿಡಿ ಆ ಕೊರತೆ ತುಂಬುತ್ತದೆ. ಇಡ್ಲಿ ಹಿಟ್ಟು ಉಬ್ಬುವುದಕ್ಕೆ ಮುಖ್ಯ ಕಾರಣ ಈಸ್ಟ್ ಅಲ್ಲ, ಲ್ಯೂಕೋನಾಸ್ಟಾಕ್ ಎಂಬ ಬ್ಯಾಕ್ಟೀರಿಯ ಎಂದು ತೋರಿಸಿದ ಸಂಶೋಧಕರಲ್ಲಿ ಸ್ಟೈನ್‌ಕ್ರಾಸ್ ಕೂಡ ಒಬ್ಬರು.

ಮನೆಯಲ್ಲೇ ಬಿಯರ್ ಮಾಡುವವರಿಗೆಂದು ಬರೆದ ಪುಸ್ತಕಗಳು ಹೆಚ್ಚಿದ್ದು ಕಾನೂನು ಸಡಿಲವಾದ ದೇಶಗಳಲ್ಲಿ. ಬ್ರಿಟನ್ನಿನಲ್ಲಿ 1963ರಲ್ಲಿ ಪರವಾನಗಿಯ ಕಟ್ಟು ತೆಗೆದರು. 1974ರಲ್ಲಿ ಡೇವ್ ಲೈನ್ ಅವರ ದೊಡ್ಡ ಕೈಪಿಡಿ ಬಂತು. ಅಮೆರಿಕದಲ್ಲಿ 1978ರಲ್ಲಿ ಅಧ್ಯಕ್ಷ ಕಾರ್ಟರ್ ಸಹಿ ಹಾಕಿದ ಮಸೂದೆಯ ನಂತರ, 1984ರಲ್ಲಿ ಚಾರ್ಲಿ ಪಪೇಜಿಯನ್ ಅವರ ‘ದಿ ಕಂಪ್ಲೀಟ್ ಜಾಯ್ ಆಫ್ ಹೋಮ್ ಬ್ರೂಯಿಂಗ್’ ಮನೆಮಾತಾಯಿತು. ಒಂದೇ ಪುಸ್ತಕ ಕೊಳ್ಳುವಷ್ಟು ಹಣವಿದ್ದರೆ ಜಾನ್ ಪಾಮರ್ ಅವರ ‘ಹೌ ಟು ಬ್ರೂ’ ಸಾಕು. ಹೀಗೆ ಮಾಡಿ ಎನ್ನುವುದರ ಜೊತೆಗೆ ಏಕೆ ಹಾಗೆ ಎಂಬುದನ್ನೂ ಅದು ಬಿಡಿಸಿ ಹೇಳುತ್ತದೆ. 2017ರ ನಾಲ್ಕನೆಯ ಆವೃತ್ತಿಯನ್ನೇ ಕೊಳ್ಳುವುದು ಮೇಲು.

ಈಸ್ಟ್, ನೀರು, ಹಾಪ್ಸ್ ಕುರಿತ ಬಿಡಿ ಪುಸ್ತಕಗಳು ಆಮೇಲೆ ಬರಲಿ. ಬಿಳಿಗಿರಿರಂಗನ ಬೆಟ್ಟದ ಹೆಜ್ಜೇನು ಬಾಟಲಿಯಲ್ಲಿ ನೊರೆ ಬರುವುದೇಕೆ ಎಂಬುದಕ್ಕೆ ಈಸ್ಟಿನ ಪುಸ್ತಕದಲ್ಲಿ ಉತ್ತರವಿದೆ: ಜೇನಿನಲ್ಲಿ ನೀರಿನ ಅಂಶ ಶೇ. 20 ದಾಟಿದರೆ ಅದರಲ್ಲೇ ಇರುವ ಈಸ್ಟ್ ಎಚ್ಚರಗೊಳ್ಳುತ್ತದೆ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಬೇಳೆ ಬೇಯದೆ ಪರದಾಡಿದವರಿಗೆ ನೀರಿನ ಪುಸ್ತಕ ಹೊಸದೆನಿಸುವುದಿಲ್ಲ. ಪಿಲ್ಸೆನ್ನಿನ ಮೆದು ನೀರು ಒಂದು ಬಗೆಯ ಬಿಯರಿಗೆ, ಬರ್ಟನ್ನಿನ ಗಡಸು ನೀರು ಇನ್ನೊಂದು ಬಗೆಗೆ ದಾರಿಯಾದ ಕಥೆ ಅದರಲ್ಲಿದೆ.

ಈ ಎಲ್ಲ ಪುಸ್ತಕಗಳೂ ಒತ್ತಿ ಹೇಳುವುದು ಶುಚಿಯನ್ನು. ಮೊದಲು ತೊಳೆಯುವುದು, ಆಮೇಲೆ ಸೋಂಕು ಕಳೆಯುವುದು. ಇವು ಎರಡು ಬೇರೆ ಕೆಲಸಗಳು. ಕೊಳ್ಳೇಗಾಲ ಸೀಮೆಯ ರೇಷ್ಮೆ ಬೆಳೆಗಾರರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಹುಳು ಮನೆಯನ್ನು ತೊಳೆದು, ಬ್ಲೀಚಿಂಗ್ ಪೌಡರ್ ದ್ರಾವಣ ಸಿಂಪಡಿಸಿ, ಗೋಡೆಯ ಥರ್ಮಾಮೀಟರ್ ನೋಡುತ್ತ ಚಾಕಿ ಹುಳುವಿಗೆ ಒಂದು ಕಾವು, ಬೆಳೆದ ಹುಳುವಿಗೆ ಇನ್ನೊಂದು ಕಾವು ಕೊಡುವವರು ಅವರು. ಕಣ್ಣಿಗೆ ಕಾಣದ ಜೀವಿಯೊಂದು ಇಡೀ ಬೆಳೆಯನ್ನೇ ಕೆಡಿಸಬಲ್ಲದು ಎಂಬುದು ಅವರಿಗೆ ಅನುಭವದ ಮಾತು. 1876ರಲ್ಲಿ ಬಿಯರಿನ ರೋಗಗಳ ಬಗ್ಗೆ ಪುಸ್ತಕ ಬರೆದ ಲೂಯಿ ಪಾಶ್ಚರ್ ಅದಕ್ಕೂ ಮುನ್ನ ವರ್ಷಗಟ್ಟಲೆ ಅಭ್ಯಾಸ ಮಾಡಿದ್ದು ರೇಷ್ಮೆಹುಳುವಿನ ರೋಗಗಳನ್ನು. ಪಾಶ್ಚರ್ ಗ್ರಂಥದ ಇಂಗ್ಲಿಷ್ ಅನುವಾದ ಈ ಊರುಗಳ ಕಪಾಟಿಗೆ ಎರಡು ಕಾರಣದಿಂದ ಸಲ್ಲುತ್ತದೆ.

ಕಾರ್ಖಾನೆ ಮಟ್ಟದ ತಾಂತ್ರಿಕ ಗ್ರಂಥಗಳು ದುಬಾರಿ. ಜರ್ಮನ್ ಭಾಷೆಯಲ್ಲಿ 1961ರಲ್ಲಿ ಮೊದಲು ಬಂದ ವೋಲ್ಫ್‌ಗಾಂಗ್ ಕುನ್‌ಝೆ ಅವರ ಗ್ರಂಥ ಇಂಗ್ಲಿಷಿನಲ್ಲೂ ಸಿಗುತ್ತದೆ. ಅದೊಂದಿದ್ದರೆ ಸದ್ಯಕ್ಕೆ ಸಾಕು.

ಕನ್ನಡದ ಸಾಲು ಚಿಕ್ಕದು, ಆದರೆ ಹಳೆಯದು. ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ 11ನೆಯ ಶತಮಾನದ್ದು. ಅಡುಗೆಯ ಜೊತೆಗೆ ಅಂತರ್ಜಲ ಗುರುತಿಸುವ ವಿಷಯವೂ ಅದರಲ್ಲಿದೆ. ಮೂರನೆಯ ಮಂಗರಸನ ‘ಸೂಪಶಾಸ್ತ್ರ’ 16ನೆಯ ಶತಮಾನದ ಆರಂಭದ್ದು. ಪಾನಕಗಳಿಗೆ ಅದರಲ್ಲಿ ಜಾಗ ಸಿಕ್ಕಿದೆ. ಇವೆರಡೂ ಬಿಯರಿನ ಪುಸ್ತಕಗಳಲ್ಲ. ಆದರೂ ಕೈಕೆಲಸವನ್ನು ಕನ್ನಡದಲ್ಲಿ ಕ್ರಮವಾಗಿ ಬರೆದಿಡಬಹುದು ಎಂಬುದಕ್ಕೆ ಮಾದರಿಯಾಗಿ ಅವು ಬೇಕು.

ಗ್ರಂಥಾಲಯಗಳು ಬಳಸುವ ಡ್ಯೂಯಿ ವರ್ಗೀಕರಣ ಮನೆಯ ಪಾನೀಯಗಳನ್ನು 641.87ರಲ್ಲೂ ಕಾರ್ಖಾನೆಯ ಪಾನೀಯಗಳನ್ನು 663ರಲ್ಲೂ ಇಡುತ್ತದೆ. ಐವತ್ತು ಪುಸ್ತಕಗಳೂ ಇಲ್ಲದ ಸಂಗ್ರಹದಲ್ಲಿ ಅವನ್ನು ದೂರ ಮಾಡುವುದು ಸರಿಯಲ್ಲ. ಅಂಬಲಿ ಓದಲು ಬಂದವರ ಕಣ್ಣಿಗೆ ಕಿಣ್ವದ ಪುಸ್ತಕವೂ ಬೀಳಬೇಕು. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಒಂದು ಕಪಾಟು ಬಿಟ್ಟುಕೊಟ್ಟರೂ ಇಷ್ಟು ಹಿಡಿಯುತ್ತದೆ.

ಅದೇ ಕಪಾಟಿನಲ್ಲಿ ಗಟ್ಟಿ ರಟ್ಟಿನ, ಗೆರೆ ಹಾಕಿದ ಒಂದು ಖಾಲಿ ಪುಸ್ತಕವೂ ಇರಬೇಕು. ಅಂಗಡಿಯ ಪುಸ್ತಕಗಳಲ್ಲಿ ಸಿಗದ ಸಂಗತಿಗಳನ್ನು ಊರಿನವರಿಂದ ಕೇಳಿ ಅದರಲ್ಲಿ ಬರೆದುಕೊಳ್ಳಬೇಕು: ರಾಗಿಯ ತಳಿ, ನೆನೆಸಿದ ಗಂಟೆ, ಆಗ ಬೇಸಿಗೆಯೋ ಮಳೆಗಾಲವೋ, ಗಂಟು ಬಿಚ್ಚಿದಾಗ ಮೊಳಕೆ ಎಷ್ಟುದ್ದ ಇತ್ತು, ಒಣಗಿಸಿದ್ದು ಬಿಸಿಲಲ್ಲೋ ನೆರಳಲ್ಲೋ, ಹುರಿಯುವಾಗ ಯಾವ ಗಮ ಬಂದಾಗ ಒಲೆಯಿಂದ ಇಳಿಸಿದರು, ತಂಗಳು ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿದ ಅಂಬಲಿ ಯಾವ ಹೊತ್ತಿಗೆ ಹುಳಿಯಾಯಿತು. ಪ್ರತಿ ಪುಟದ ಮೇಲೆ ತಾರೀಖು, ಊರು. ಕೆಳಗೆ, ಹೇಳಿದವರ ಒಪ್ಪಿಗೆಯಿದ್ದರೆ, ಅವರ ಹೆಸರು.