ಹೆಪ್ಪುಗಟ್ಟಿದ ಸರೋವರದ ಮೇಲೆ ಗಾಳ

ನೀರು 4 ಡಿಗ್ರಿ ಸೆಂಟಿಗ್ರೇಡಿನಲ್ಲಿ ಅತ್ಯಂತ ಸಾಂದ್ರವಾಗಿರುತ್ತದೆ; ಅದಕ್ಕಿಂತಲೂ ತಣ್ಣಗಾದ ನೀರು ಹಗುರವಾಗಿ ಮೇಲೆ ಉಳಿದು ಅಲ್ಲಿಯೇ ಹೆಪ್ಪುಗಟ್ಟುತ್ತದೆ. ಪ್ರಕೃತಿಯ ಈ ಏರ್ಪಾಡಿನಿಂದಲೇ ಶೀತದೇಶಗಳ ಸರೋವರಗಳಲ್ಲಿ ಮೇಲೆ ಮಂಜುಗಡ್ಡೆ, ಕೆಳಗೆ ಜೀವಂತ ಮೀನು. ಅಮೆರಿಕದ ಮಿನ್ನೆಸೋಟದಲ್ಲಿಯೂ ಕೆನಡದ ಸಿಮ್ಕೋ ಸರೋವರದಲ್ಲಿಯೂ ಜನರು ಆ ಗಡ್ಡೆಯನ್ನು ಬೈರಿಗೆಯಿಂದ ಕೊರೆದು, ಗಾಳ ಇಳಿಬಿಟ್ಟು ಗಂಟೆಗಟ್ಟಲೆ ಕುಳಿತಿರುತ್ತಾರೆ. ಚಳಿಗಾಲದಲ್ಲಿ ಮಕ್ಕಳ ಮನೆಗೆಂದು ಆ ಕಡೆ ಹೋದ ಕನ್ನಡಿಗರಿಗೂ ಈ ವಿನೋದಕ್ಕೆ ಕರೆ ಬರಬಹುದು.

ಮಿನ್ನೆಸೋಟದ ಪ್ರಾಕೃತಿಕ ಸಂಪನ್ಮೂಲ ಇಲಾಖೆಯ ಸೂಚನೆಯಂತೆ, ನಡೆದುಹೋಗುವುದಕ್ಕೆ ಹೊಸದಾಗಿ ಕಟ್ಟಿದ ತಿಳಿಯಾದ ಗಡ್ಡೆ ಕನಿಷ್ಠ 4 ಅಂಗುಲ ದಪ್ಪವಿರಬೇಕು. ಹಿಮ ಬೆರೆತು ಬೆಳ್ಳಗಾದ ಗಡ್ಡೆಗೆ ಬಲ ಅರ್ಧದಷ್ಟೇ. ಅಲ್ಲಿ ದಪ್ಪ ಇಮ್ಮಡಿಯಾಗಿರತಕ್ಕದ್ದು. ಒರತೆಯಿರುವಲ್ಲಿ, ತೊರೆ ಬಂದು ಸೇರುವಲ್ಲಿ ಗಡ್ಡೆ ತೆಳುವಾಗಿರುತ್ತದೆ. ನಿನ್ನೆ ಯಾರೋ ನಡೆದಿದ್ದರೆಂಬುದು ಇಂದಿಗೆ ಸಾಕ್ಷಿಯಾಗದು. ದಪ್ಪವೊಂದೇ ಸಾಲದೆಂಬುದೂ ನಿಜ: 2009ರ ಫೆಬ್ರವರಿಯಲ್ಲಿ ಈರಿ ಸರೋವರದ ಓಹಾಯೋ ತೀರದಿಂದ ದೊಡ್ಡದೊಂದು ಹಾಸು ಬೇರ್ಪಟ್ಟು, ಅದರ ಮೇಲಿದ್ದ ನೂರಕ್ಕೂ ಹೆಚ್ಚು ಮಂದಿಯನ್ನು ರಕ್ಷಿಸಬೇಕಾಯಿತು; ಒಬ್ಬರು ಅಸುನೀಗಿದರು.

ನೀರಿಗೆ ಬಿದ್ದವನು ಮೊದಲು ಬಿಕ್ಕಿಬಿಕ್ಕಿ ಉಸಿರೆಳೆಯುತ್ತಾನೆ. ಆ ಒಂದು ನಿಮಿಷ ಬಾಯಿಯನ್ನು ನೀರಿನಿಂದ ಮೇಲಿರಿಸಿ ಉಸಿರನ್ನು ಹತೋಟಿಗೆ ತಂದುಕೊಳ್ಳುವುದೇ ಮುಖ್ಯ. ಅನಂತರ ಸುಮಾರು ಹತ್ತು ನಿಮಿಷ ಕೈಕಾಲು ಮಾತು ಕೇಳುತ್ತವೆ; ಪ್ರಜ್ಞೆ ತಪ್ಪಲು ಸುಮಾರು ಒಂದು ಗಂಟೆ ಹಿಡಿಯುತ್ತದೆ. ಆದುದರಿಂದ ಗಾಬರಿಗೆ ಕಾರಣವಿಲ್ಲ, ತಡಮಾಡುವುದಕ್ಕೂ ಆಸ್ಪದವಿಲ್ಲ. ಬಂದ ದಿಕ್ಕಿಗೇ ತಿರುಗಬೇಕು; ಅಲ್ಲಿಯ ಗಡ್ಡೆ ಅಲ್ಲಿಯವರೆಗೆ ಭಾರ ಹೊತ್ತಿತ್ತಷ್ಟೆ. ಕೊರಳಿಗೆ ತೂಗುಹಾಕಿಕೊಂಡ ಮೊನೆಗೂಟಗಳನ್ನು ಗಡ್ಡೆಗೆ ನೆಟ್ಟು, ಕಾಲು ಬಡಿಯುತ್ತ ಮೇಲೆ ಬಂದು, ನಿಲ್ಲದೆ ಹೊರಳಿಕೊಂಡೇ ದೂರ ಸರಿಯಬೇಕು. ನೆರವಿಗೆ ಬಂದವನು ಅಂಚಿಗೆ ಓಡಬಾರದು. ದೂರದಿಂದಲೇ ಹಗ್ಗವನ್ನೋ ಏಣಿಯನ್ನೋ ಚಾಚಬೇಕು. ಒದ್ದೆ ಬಟ್ಟೆ ತೆಗೆದು, ಒಣ ಕಂಬಳಿ ಹೊದಿಸಿ, ಎದೆ ಹೊಟ್ಟೆಗಳನ್ನು ಮೊದಲು ಬೆಚ್ಚಗಾಗಿಸಿ ವೈದ್ಯರನ್ನು ಕರೆಸಬೇಕು; ಕೈಕಾಲು ತಿಕ್ಕಬಾರದು. ಬ್ರಾಂದಿಯಂತೂ ಕೂಡದು. ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ, ಒಳಗಿನ ಶಾಖವನ್ನು ಹೊರಚೆಲ್ಲುತ್ತದೆ. ಬೆಚ್ಚಗಾದಂತೆ ತೋರುವುದು ಬರಿಯ ಭ್ರಮೆ.

ಗಡ್ಡೆಯ ಮೇಲೆ ಹೂಡಿದ ಪುಟ್ಟ ಗುಡಿಸಲಿನೊಳಗೆ ಒಲೆ ಉರಿಸುವವರಿಗೆ ಇನ್ನೊಂದು ಅಪಾಯ: ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್. ತಲೆನೋವು, ತಲೆಸುತ್ತು ಬಂದಾಗ ಆಯಾಸವೆಂದು ಭಾವಿಸದೆ ಕೂಡಲೇ ಹೊರಗೆ ಬರಬೇಕು.

ಇಲ್ಲಿ ಸೌಜನ್ಯವೂ ಸುರಕ್ಷತೆಯೂ ಬೇರೆಬೇರೆಯಲ್ಲ. ಒಬ್ಬರ ಗಾಳದ ಪಕ್ಕದಲ್ಲೇ ಕೊರೆದರೆ ದಾರಗಳು ತೊಡಕಿಕೊಳ್ಳುವುದಷ್ಟೇ. ಆದರೆ ವೇಗವಾಗಿ ಓಡಿಸಿದ ವಾಹನವು ಗಡ್ಡೆಯಡಿಯ ನೀರಿನಲ್ಲಿ ಅಲೆಯೆಬ್ಬಿಸಿ, ಗಡ್ಡೆಯನ್ನೇ ಒಡೆಯಬಲ್ಲದು. ಬಿಟ್ಟುಹೋದ ರಂಧ್ರದ ಮೇಲೆ ರಾತ್ರಿಯಲ್ಲಿ ತೆಳುಪರೆ ಕಟ್ಟುತ್ತದೆ, ಹಿಮ ಅದನ್ನು ಮುಚ್ಚುತ್ತದೆ; ಮರುದಿನ ಬಂದ ಮಗುವಿನ ಕಾಲಿಗೆ ಅದು ಕಾಣದು. ಬಲ್ಲವರು ಹೊರಡುವ ಮುನ್ನ ಅಲ್ಲೊಂದು ಕೊಂಬೆಯನ್ನು ನೆಟ್ಟು ಹೋಗುತ್ತಾರೆ.