ವ್ಯವಸಾಯ ವಿದ್ಯಾರ್ಥಿಗಳ ಗ್ರಾಮವಾಸ: ಊರಿನ ಮುಖಂಡರು ಮಾಡತಕ್ಕ ಸಹಾಯ

ದಡದ ಮೇಲೆ ಕುಳಿತು ಈಜು ಕಲಿತವರಿಲ್ಲ. ಒಕ್ಕಲುತನವೂ ಅಂಥದೇ. ಮಣ್ಣಿನ ಬಗೆಗಳನ್ನೂ ಗೊಬ್ಬರದ ಸತ್ವಗಳನ್ನೂ ಪುಸ್ತಕದಿಂದ ತಿಳಿಯಬಹುದು. ಆದರೆ ಹದವರಿತು ಹರಗುವುದನ್ನೂ, ಮೋಡದ ಮೋರೆ ನೋಡಿ ಕೂರಿಗೆ ಹೂಡುವುದನ್ನೂ, ಎಲೆಯ ಬಣ್ಣ ಕಂಡು ಬೆಳೆಯ ಬೇನೆಯನ್ನು ಹೇಳುವುದನ್ನೂ ಹೊಲದಲ್ಲಿ ನಿಂತೇ ಕಲಿಯಬೇಕು. ಈ ಕಾರಣದಿಂದ ನಮ್ಮ ಕೃಷಿ ವಿಶ್ವವಿದ್ಯಾಲಯಗಳು ಬಿ.ಎಸ್‌ಸಿ. ಕೃಷಿ ಪದವಿಯ ಕಡೆಯ ವರ್ಷದ ವಿದ್ಯಾರ್ಥಿಗಳನ್ನು ಕೆಲವು ವಾರಗಳ ಮಟ್ಟಿಗೆ ಹಳ್ಳಿಗಳಲ್ಲಿ ವಾಸಿಸುವಂತೆ ಕಳುಹಿಸುತ್ತಲಿವೆ. ಇದಕ್ಕೆ ಗ್ರಾಮೀಣ ಕೃಷಿ ಕಾರ್ಯಾನುಭವ ಕಾರ್ಯಕ್ರಮವೆಂದು ಹೆಸರು.

ಇಂಥ ವಿದ್ಯಾರ್ಥಿಗಳು ಊರಿಗೆ ಬಂದಾಗ ಕೆಲವರು ಅವರನ್ನು ಗಣತಿಯವರೆಂದು ಎಣಿಸಿ, ಕೇಳಿದ್ದಕ್ಕೆ ಒಂದು ಉತ್ತರ ಕೊಟ್ಟು ಕಳುಹಿಸಿಬಿಡುವರು. ಮತ್ತೆ ಕೆಲವರು ಅತಿಥಿಗಳೆಂದು ಉಪಚರಿಸಿ, ಬಿಸಿಲಿಗೆ ಇಳಿಯಗೊಡದೆ ಕಟ್ಟೆಯ ಮೇಲೆ ಕೂರಿಸುವರು. ಈ ಎರಡು ರೀತಿಗಳಿಂದಲೂ ವಿದ್ಯಾರ್ಥಿಗೆ ನಷ್ಟ, ಊರಿಗೂ ನಷ್ಟ. ಪದವೀಧರನು ಮುಂದೆ ಜೀವನೋಪಾಯಕ್ಕೆ ಯೋಗ್ಯನಾಗುವನೋ ಇಲ್ಲವೋ ಎಂಬುದು ಬಹುಮಟ್ಟಿಗೆ ಈ ಕೆಲವು ವಾರಗಳಲ್ಲಿ ನಿಶ್ಚಯವಾಗುವುದು. ಆದ್ದರಿಂದ ಈ ವ್ಯವಸ್ಥೆಯ ಸ್ವರೂಪವನ್ನೂ ಇದರಲ್ಲಿ ಗ್ರಾಮದ ಹಿರಿಯರ ಮತ್ತು ಜಮೀನುದಾರರ ಪಾತ್ರವನ್ನೂ ಇಲ್ಲಿ ವಿವರಿಸಲಾಗಿದೆ.

ಪೂರ್ವ ವೃತ್ತಾಂತ

ನಮ್ಮ ಬಳ್ಳಾರಿ ಸೀಮೆಯು ಮದರಾಸು ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, ೧೯೦೬ರಲ್ಲಿ, ಹಗರಿಯಲ್ಲಿ ವ್ಯವಸಾಯ ಸಂಶೋಧನಾ ಕ್ಷೇತ್ರವು ಸ್ಥಾಪಿತವಾಯಿತು. ಆಗ ಪ್ರಾಂತದ ವ್ಯವಸಾಯ ಕಾಲೇಜು ಇದ್ದುದು ದೂರದ ಕೊಯಮತ್ತೂರಿನಲ್ಲಿ. ಮೈಸೂರು ಸಂಸ್ಥಾನದಲ್ಲಿ ಹೆಬ್ಬಾಳದ ವ್ಯವಸಾಯ ಶಾಲೆಯು ೧೯೧೩ರಲ್ಲಿ ಆರಂಭವಾಗಿ, ೧೯೪೬ರಲ್ಲಿ ಅಲ್ಲಿ ಕಾಲೇಜು ಏರ್ಪಟ್ಟಿತು. ಧಾರವಾಡದ ಕಾಲೇಜು ೧೯೪೭ರದು. ೧೯೫೩ನೆಯ ಅಕ್ಟೋಬರ್ ೧ರಂದು ಹರಪನಹಳ್ಳಿ ಮೊದಲಾದ ತಾಲ್ಲೂಕುಗಳು ಮೈಸೂರು ರಾಜ್ಯವನ್ನು ಸೇರಿದ ಮೇಲೆ ನಮ್ಮ ಮಕ್ಕಳಿಗೆ ಕನ್ನಡ ನಾಡಿನ ಈ ಕಾಲೇಜುಗಳು ಹತ್ತಿರವಾದುವು. ತರುವಾಯ ೧೯೬೪ರಲ್ಲಿ ಬೆಂಗಳೂರಿನಲ್ಲಿಯೂ, ೧೯೮೬ರಲ್ಲಿ ಧಾರವಾಡದಲ್ಲಿಯೂ, ೨೦೦೯ರಲ್ಲಿ ರಾಯಚೂರಿನಲ್ಲಿಯೂ ಕೃಷಿ ವಿಶ್ವವಿದ್ಯಾಲಯಗಳು ಉಂಟಾದುವು.

ಕಾಲೇಜುಗಳು ಹೆಚ್ಚಿದಂತೆ ಒಂದು ಕೊರತೆಯೂ ಕಾಣಬಂದಿತು. ಪರೀಕ್ಷೆಯಲ್ಲಿ ಮೊದಲ ದರ್ಜೆ ಪಡೆದವನು ರೈತನ ಮುಂದೆ ನಿಂತಾಗ ಮಾತು ತೋಚದೆ ತಡವರಿಸುವನೆಂಬ ದೂರು ಎಲ್ಲೆಡೆ ಹಬ್ಬಿತು. ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ರಾಂಧವಾ ಸಮಿತಿಯು ೧೯೯೨ರಲ್ಲಿ, ಪ್ರತಿಯೊಬ್ಬ ವಿದ್ಯಾರ್ಥಿಯೂ ಪದವಿಗೆ ಮುಂಚೆ ಹಳ್ಳಿಯಲ್ಲಿದ್ದು ಕೆಲಸದ ಅನುಭವ ಪಡೆಯಬೇಕೆಂದು ಬಲವಾಗಿ ಶಿಫಾರಸು ಮಾಡಿತು. ೨೦೧೫ನೆಯ ಜುಲೈ ೨೫ರಂದು ಪಾಟ್ನಾದಲ್ಲಿ ಪ್ರಧಾನಮಂತ್ರಿಗಳು ‘ಸ್ಟೂಡೆಂಟ್ ರೆಡಿ’ ಎಂಬ ಯೋಜನೆಯನ್ನು ಉದ್ಘಾಟಿಸಿದರು. ಗ್ರಾಮವಾಸ, ಕಾರ್ಖಾನೆಯಲ್ಲಿ ತರಬೇತಿ, ಕೈಕೆಲಸದ ಕೌಶಲ, ಸ್ವಂತ ಉತ್ಪಾದನೆ ಮಾಡಿ ಮಾರುವ ಅನುಭವ, ವಿದ್ಯಾರ್ಥಿಯ ಸ್ವತಂತ್ರ ಶೋಧನೆ ಎಂಬ ಐದು ಅಂಗಗಳು ಇದರಲ್ಲಿ ಸೇರಿದುವು.

ಐದನೆಯ ಡೀನರ ಸಮಿತಿಯು ಗೊತ್ತುಮಾಡಿದ ಪಾಠಕ್ರಮದಲ್ಲಿ ಒಂದು ಅರ್ಧ ವರ್ಷದ ೨೦ ವಾರಗಳನ್ನು ಹೀಗೆ ಹಂಚಲಾಯಿತು: ಪೂರ್ವಸಿದ್ಧತೆಗೆ ೧ ವಾರ, ಹಳ್ಳಿಯಲ್ಲಿ ೮ ವಾರ, ಕೃಷಿ ವಿಜ್ಞಾನ ಕೇಂದ್ರ ಅಥವಾ ಸಂಶೋಧನಾ ಕ್ಷೇತ್ರದಲ್ಲಿ ೫ ವಾರ, ಸಸ್ಯ ಚಿಕಿತ್ಸಾಲಯದಲ್ಲಿ ೨ ವಾರ, ಬೀಜ, ಗೊಬ್ಬರ, ಆಹಾರ ಸಂಸ್ಕರಣೆ ಮೊದಲಾದ ಉದ್ಯಮದಲ್ಲಿ ೩ ವಾರ, ವರದಿ ಬರೆಯುವುದಕ್ಕೆ ೧ ವಾರ. ಇವುಗಳಲ್ಲಿ ಹಳ್ಳಿಯ ಪಾಲೇ ಎಲ್ಲಕ್ಕಿಂತ ದೊಡ್ಡದೆಂಬುದನ್ನು ಗಮನಿಸತಕ್ಕದ್ದು.

ಬಾಗಳಿಯಂಥ ಊರಿನಲ್ಲಿ

ಹರಪನಹಳ್ಳಿ ತಾಲ್ಲೂಕಿನ ಬಾಗಳಿಯನ್ನೇ ನಿದರ್ಶನವಾಗಿ ತೆಗೆದುಕೊಳ್ಳೋಣ. ಇಲ್ಲಿಯ ಕಲ್ಲೇಶ್ವರ ದೇವಾಲಯದ ಶಾಸನಗಳು ಈ ಊರನ್ನು ಬಲ್ಗುಳಿಯೆಂದು ಕರೆಯುವುವು. ರಾಷ್ಟ್ರಕೂಟರ ಕಾಲದಲ್ಲಿ ಮೊದಲಾದ ಗುಡಿಯ ಕಟ್ಟಡವು ಚಾಲುಕ್ಯ ತೈಲಪನ ಆಳ್ವಿಕೆಯಲ್ಲಿ, ಸುಮಾರು ೯೮೭ರಲ್ಲಿ, ಮುಂದುವರಿಯಿತು. ಸಾವಿರ ವರ್ಷಗಳಿಂದ ಬಿತ್ತಿ ಬೆಳೆದ ಇಂಥ ಊರಿನಲ್ಲಿ ಮಳೆ, ಬರ, ಮಣ್ಣು, ಬೀಜಗಳ ವಿಷಯದಲ್ಲಿ ಜನರಿಗೆ ತಲೆಮಾರುಗಳಿಂದ ಇಳಿದುಬಂದ ತಿಳಿವಳಿಕೆಯುಂಟು. ಅದು ಯಾವ ಗ್ರಂಥಾಲಯದಲ್ಲಿಯೂ ದೊರೆಯದು.

ಇಲ್ಲಿಗೆ ಎಂಟು ಹತ್ತು ವಿದ್ಯಾರ್ಥಿಗಳ ಒಂದು ತಂಡ ಬಂದಿತೆಂದು ಭಾವಿಸೋಣ. ಅವರು ಮೊದಲು ಮಾಡುವ ಕೆಲಸವು ಊರನ್ನು ಅರಿಯುವುದು. ಶಾಲೆಯ ಅಥವಾ ಪಂಚಾಯಿತಿಯ ಮುಂದಿನ ಬಯಲಿನಲ್ಲಿ ಬಣ್ಣದ ರಂಗೋಲಿ ಪುಡಿಯಿಂದ ಗ್ರಾಮದ ನಕ್ಷೆಯನ್ನು ಬಿಡಿಸುವರು. ಎರೆ ಭೂಮಿ ಎಲ್ಲಿ, ಮಸಾರಿ ಎಲ್ಲಿ, ಕೊಳವೆ ಬಾವಿಗಳಲ್ಲಿ ಬತ್ತಿದವು ಎಷ್ಟು, ನೀರು ಹರಿದು ಮಣ್ಣು ಕೊಚ್ಚಿಹೋಗುವ ಕೊರಕಲು ಯಾವ ಕಡೆ ಎಂಬುದನ್ನೆಲ್ಲ ಊರವರೇ ಹೇಳಬೇಕು, ವಿದ್ಯಾರ್ಥಿಗಳು ಗುರುತಿಸಬೇಕು. ಅನಂತರ ಊರಿನ ಒಂದು ಅಂಚಿನಿಂದ ಮತ್ತೊಂದು ಅಂಚಿನವರೆಗೆ ರೈತರೊಡನೆ ನಡೆದು ನೋಡುವರು. ಯಾವ ತಿಂಗಳಿನಲ್ಲಿ ಕೂಲಿಯಾಳು ಸಿಕ್ಕುವುದಿಲ್ಲ, ಯಾವ ತಿಂಗಳಿನಲ್ಲಿ ಮೇವು ಮುಗಿಯುವುದು, ಸಾಲಕ್ಕೆ ಕೈಯೊಡ್ಡುವುದು ಯಾವಾಗ ಎಂಬುದನ್ನು ವರ್ಷದ ಪಟ್ಟಿಯಾಗಿ ಬರೆಯುವರು.

ಇದು ಆಟದಂತೆ ಕಾಣಬಹುದು. ಆದರೆ ನಾಳೆ ಬ್ಯಾಂಕಿನ ಕೃಷಿ ಅಧಿಕಾರಿಯಾಗಿ ಸಾಲದ ಅರ್ಜಿಯನ್ನು ನೋಡುವವನೂ ಇದೇ ಹುಡುಗನು. ಸಾಲ ಬೇಕಾದ ತಿಂಗಳು ಯಾವುದೆಂಬುದನ್ನು ಊರಿನ ಬಾಯಿಂದ ಕೇಳಿ ತಿಳಿದವನಿಗೂ ಕಾಗದದಲ್ಲಿ ಮಾತ್ರ ಓದಿದವನಿಗೂ ಇರುವ ಅಂತರವನ್ನು ರೈತನೇ ಅನುಭವಿಸಬೇಕಾಗುವುದು.

ಮಾಡಿ ತೋರಿಸುವ ಪಾಠಗಳು

ಊರನ್ನು ಅರಿತ ಮೇಲೆ ವಿದ್ಯಾರ್ಥಿಗಳು ಕಲಿತದ್ದನ್ನು ಮಾಡಿ ತೋರಿಸಬೇಕು. ಒಂದು ಸುಲಭವಾದ ಉದಾಹರಣೆಯನ್ನು ಕೊಡುವೆವು. ಮೆಕ್ಕೆಜೋಳದ ಬೀಜದ ಚೀಲದಿಂದ ನೂರು ಕಾಳುಗಳನ್ನು ಆರಿಸದೆ ಎಣಿಸಿ ತೆಗೆದು, ಒದ್ದೆಯಾದ ಗೋಣಿಯ ಮೇಲೆ ಸಾಲಾಗಿ ಇರಿಸಿ, ಸುತ್ತಿ ನೆರಳಿನಲ್ಲಿಟ್ಟು ದಿನವೂ ನೀರು ಚಿಮುಕಿಸಬೇಕು. ಏಳನೆಯ ದಿನ ಬಿಚ್ಚಿ ಚೆನ್ನಾಗಿ ಮೊಳೆತವುಗಳನ್ನು ಎಣಿಸಬೇಕು. ಪ್ರಮಾಣಿತ ಸಂಕರಣ ಮೆಕ್ಕೆಜೋಳದಲ್ಲಿ ನೂರಕ್ಕೆ ೯೦ ಮೊಳೆಯಬೇಕೆಂಬುದು ನಿಯಮ, ಶೇಂಗಾದಲ್ಲಿ ೭೦. ಎರಡು ಅಡಿಯ ಸಾಲಿನಲ್ಲಿ ಎಂಟು ಅಂಗುಲಕ್ಕೊಂದು ಕಾಳಿನಂತೆ ಊರಿದರೆ ಎಕರೆಗೆ ಸುಮಾರು ೩೨,೦೦೦ ಕಾಳು ಬೀಳುವುವು. ೯೦ರ ಬದಲಿಗೆ ೭೦ ಮಾತ್ರ ಮೊಳೆತರೆ ಎಕರೆಯಲ್ಲಿ ೬,೦೦೦ಕ್ಕೂ ಹೆಚ್ಚು ಗಿಡಗಳು ಕಡಿಮೆಯಾಗುವುವು. ಬಿತ್ತಿ, ಮಳೆ ಹೋಗಿ, ಹೊಲದಲ್ಲಿ ಬಯಲು ಕಂಡ ಮೇಲೆ ಅಂಗಡಿಯವನೊಡನೆ ಜಗಳವಾಡುವುದಕ್ಕಿಂತ ಒಂದು ಗೋಣಿಯ ತುಂಡಿನಿಂದ ಮುಂಚೆಯೇ ತಿಳಿದುಕೊಳ್ಳುವುದು ಲೇಸಲ್ಲವೇ? ಈ ಪರೀಕ್ಷೆಯನ್ನು ಹತ್ತು ಮನೆಗಳಲ್ಲಿ ಮಾಡಿದ ವಿದ್ಯಾರ್ಥಿಯು ಬೀಜದ ಕೆಲಸವನ್ನು ಕಲಿತಂತಾಯಿತು. ಹತ್ತು ಮನೆಗಳ ಬಿತ್ತನೆಯೂ ಉಳಿದಂತಾಯಿತು.

ಎರಡನೆಯದು ಕೀಟಗಳ ವಿಷಯ. ಅಮೆರಿಕ ಖಂಡದ ಸೈನಿಕ ಹುಳುವು ಭಾರತದಲ್ಲಿ ಮೊಟ್ಟಮೊದಲು ಕಂಡುಬಂದುದು ನಮ್ಮ ರಾಜ್ಯದ ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ, ೨೦೧೮ನೆಯ ಮೇ ತಿಂಗಳಿನಲ್ಲಿ. ಅಂದು ಇದನ್ನು ಬೇರೆ ಹುಳುಗಳಿಂದ ವಿಂಗಡಿಸಿದ್ದು ಹೊಲಕ್ಕೆ ಹೋಗಿ ನೋಡಿದ ಕಣ್ಣುಗಳು. ಹುಳುವಿನ ತಲೆಯ ಮೇಲೆ ಕವಲುಗೋಲನ್ನು ತಲೆಕೆಳಗು ಮಾಡಿದಂತಹ ಬಿಳಿಯ ಗುರುತು, ಹಿಂಭಾಗದಲ್ಲಿ ಚೌಕವಾಗಿ ನಾಲ್ಕು ಕಪ್ಪು ಚುಕ್ಕೆ ಇದ್ದರೆ ಅದೇ ಇದು. ಇದು ಸುಳಿಯೊಳಗೆ ಅಡಗಿ ತಿನ್ನುವುದರಿಂದ ಔಷಧವು ಸುಳಿಗೆ ಬೀಳಬೇಕು. ಎಲೆಗಳ ಮೇಲೆ ಎಷ್ಟು ಸಿಂಪಡಿಸಿದರೂ ಹಣ ಹಾಳು. ಮೊಟ್ಟೆಯ ಗುಂಪುಗಳನ್ನು ಮೊದಲ ವಾರಗಳಲ್ಲಿಯೇ ಕೈಯಿಂದ ಆರಿಸಿ ನಾಶಮಾಡಿದರೆ ಖರ್ಚು ಇನ್ನೂ ಕಡಿಮೆ. ಪುಸ್ತಕದಲ್ಲಿ ಇದು ಒಂದು ಪುಟ. ಹೊಲದಲ್ಲಿ ಸುಳಿ ಬಿಡಿಸಿ ನೋಡಿದವನಿಗೆ ಜೀವನಪೂರ್ತಿ ಮರೆಯದ ಪಾಠ.

ಉದ್ಯೋಗಕ್ಕೂ ಇದಕ್ಕೂ ಇರುವ ಸಂಬಂಧ

ಪದವಿ ಮುಗಿದ ಬಳಿಕ ವಿದ್ಯಾರ್ಥಿಗಳಿಗೆ ದಾರಿ ತೋರಿಸುವುದಕ್ಕಾಗಿ ವಿಶ್ವವಿದ್ಯಾಲಯಗಳಲ್ಲಿ ಉದ್ಯೋಗ ಮಾರ್ಗದರ್ಶನದ ಘಟಕಗಳು ಇರುವುವು. ಬೀಜ ಮತ್ತು ಗೊಬ್ಬರದ ಕಂಪೆನಿಗಳನ್ನೂ ಬ್ಯಾಂಕುಗಳನ್ನೂ ಕಾಲೇಜಿಗೆ ಕರೆಯಿಸುವುದು, ಅರ್ಜಿ ಬರೆಯುವ ಮತ್ತು ಸಂದರ್ಶನದಲ್ಲಿ ಮಾತನಾಡುವ ರೀತಿಯನ್ನು ಕಲಿಸುವುದು, ಸ್ಪರ್ಧಾ ಪರೀಕ್ಷೆಗಳಿಗೆ ಸಿದ್ಧಪಡಿಸುವುದು ಇವುಗಳ ಕೆಲಸ. ಆದರೆ ಘಟಕವು ಬಾಗಿಲನ್ನು ತೋರಿಸಬಹುದೇ ಹೊರತು ಒಳಗೆ ನಿಲ್ಲುವ ಶಕ್ತಿಯನ್ನು ಕೊಡಲಾರದು. ರೈತನೊಡನೆ ಮಾತನಾಡಿದ್ದೀಯಾ, ಅವನು ನಿನ್ನ ಮಾತನ್ನು ಒಪ್ಪದಿದ್ದಾಗ ಏನು ಮಾಡಿದೆ ಎಂದು ಕೇಳಿದಾಗ, ಹಳ್ಳಿಯಲ್ಲಿ ನಿಜವಾಗಿ ದುಡಿದವನಿಗೆ ಮಾತ್ರ ಉತ್ತರ ಹೊಳೆಯುವುದು.

ಸರ್ಕಾರಿ ಹುದ್ದೆಗಳು ಎಲ್ಲರಿಗೂ ಸಾಲವು. ಸ್ವಂತ ಕಾಲಿನ ಮೇಲೆ ನಿಲ್ಲಬಯಸುವ ಪದವೀಧರರಿಗಾಗಿ ಕೇಂದ್ರ ಸರ್ಕಾರವು ೨೦೦೨ರಲ್ಲಿ ಅಗ್ರಿ ಕ್ಲಿನಿಕ್ ಮತ್ತು ಅಗ್ರಿ ಬಿಸಿನೆಸ್ ಕೇಂದ್ರಗಳ ಯೋಜನೆಯನ್ನು ಆರಂಭಿಸಿತು. ಹೈದರಾಬಾದಿನ ಮ್ಯಾನೇಜ್ ಸಂಸ್ಥೆಯ ಮೇಲ್ವಿಚಾರಣೆಯಲ್ಲಿ ಉಚಿತ ತರಬೇತಿಯೂ, ನಬಾರ್ಡಿನ ಮೂಲಕ ಬ್ಯಾಂಕ್ ಸಾಲಕ್ಕೆ ಸಹಾಯಧನವೂ ಇದರಲ್ಲಿ ಸೇರಿದ್ದುವು. ಸಹಾಯಧನದ ಪ್ರಮಾಣವನ್ನು ಸಾಮಾನ್ಯರಿಗೆ ಶೇಕಡಾ ೩೬, ಸ್ತ್ರೀಯರಿಗೂ ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೂ ಶೇಕಡಾ ೪೪ ಎಂದು ನಿಗದಿಮಾಡಲಾಯಿತು. ಇಂಥ ಕೇಂದ್ರವನ್ನು ತೆರೆಯುವವನಿಗೆ ಬೇಕಾದ ಮುಖ್ಯ ಬಂಡವಾಳವೆಂದರೆ ಒಂದು ಸೀಮೆಯ ಜನರ ನಂಬಿಕೆ. ಅದನ್ನು ಗಳಿಸುವುದಕ್ಕೆ ಗ್ರಾಮವಾಸದ ಎಂಟು ವಾರಗಳೇ ಮೊದಲ ಮೆಟ್ಟಿಲು.

ಮುಖಂಡರು ಮಾಡತಕ್ಕ ಕಾರ್ಯಗಳು

ಈ ವ್ಯವಸ್ಥೆಯು ಕೆಲವೆಡೆ ನಕ್ಷೆ ಬರೆದು, ಭಾವಚಿತ್ರ ತೆಗೆಸಿಕೊಂಡು, ದಿನಚರಿ ಪುಸ್ತಕಕ್ಕೆ ರುಜು ಪಡೆದು ಹೊರಡುವುದರಲ್ಲಿಯೇ ಮುಗಿಯುವುದುಂಟು. ಹೀಗಾಗದಂತೆ ನೋಡಿಕೊಳ್ಳುವುದು ಉಪಾಧ್ಯಾಯರ ಕೈಯಲ್ಲಿ ಎಷ್ಟಿರುವುದೋ ಊರಿನ ಹಿರಿಯರ ಕೈಯಲ್ಲಿಯೂ ಅಷ್ಟೇ ಇರುವುದು. ಈ ಕೆಳಗಿನ ಸಂಗತಿಗಳನ್ನು ಅವರು ಮನಸ್ಸಿಗೆ ತಂದುಕೊಳ್ಳಬೇಕೆಂದು ಕೋರುತ್ತೇವೆ.

೧. ವಸತಿ. ಈಗ ಹೆಣ್ಣುಮಕ್ಕಳೂ ಬಹು ಸಂಖ್ಯೆಯಲ್ಲಿ ವ್ಯವಸಾಯ ಶಿಕ್ಷಣ ಪಡೆಯುತ್ತಿರುವರು. ಅವರಿಗೆ ನೀರು, ಶೌಚಾಲಯ, ಬಾಗಿಲಿನ ಭದ್ರತೆಯುಳ್ಳ ಮನೆಯನ್ನು ಊರಿನ ನಡುವೆಯೇ ಒದಗಿಸತಕ್ಕದ್ದು. ವಸತಿಯ ಭಯವಿರುವ ಕಡೆ ವಿದ್ಯೆ ನಿಲ್ಲದು.

೨. ಹೊಲ. ಒಬ್ಬೊಬ್ಬ ವಿದ್ಯಾರ್ಥಿಯನ್ನೂ ಒಬ್ಬೊಬ್ಬ ರೈತನಿಗೆ ಒಪ್ಪಿಸಿ, ಬಿತ್ತನೆಯಿಂದ ಎಡೆ ಹೊಡೆಯುವವರೆಗೆ ಆ ಕಾಲದಲ್ಲಿ ನಡೆಯುವ ಕೆಲಸಗಳನ್ನೆಲ್ಲ ಕೈಯಾರೆ ಮಾಡಿಸಬೇಕು. ದೊಡ್ಡ ಹಿಡುವಳಿಯವರ ಹೊಲವನ್ನು ಮಾತ್ರವಲ್ಲದೆ ಎರಡೆಕರೆ ಮಸಾರಿಯವನ ಹೊಲವನ್ನೂ ತೋರಿಸಬೇಕು. ಪ್ರಯೋಗಕ್ಕೆ ಕೆಲವೇ ಗುಂಟೆ ಸಾಕು. ಪಕ್ಕದಲ್ಲಿ ಹಳೆಯ ಪದ್ಧತಿಯ ಬೆಳೆ ಇದ್ದರೆ ಹೋಲಿಕೆ ತಾನೇ ಕಾಣುವುದು.

೩. ನಷ್ಟದ ಭಯ. ೧೯೦೩ರಲ್ಲಿ ಅಮೆರಿಕದ ಟೆಕ್ಸಾಸ್ ಪ್ರಾಂತದ ಟೆರೆಲ್ ಎಂಬ ಊರಿನಲ್ಲಿ ಸೀಮನ್ ನ್ಯಾಪ್ ಎಂಬ ವ್ಯವಸಾಯ ಪಂಡಿತನು ವಾಲ್ಟರ್ ಪೋರ್ಟರ್ ಎಂಬ ರೈತನಿಂದಲೇ ಅವನ ಹೊಲದಲ್ಲಿ ಹೊಸ ಪದ್ಧತಿಯನ್ನು ಮಾಡಿಸಿದನು. ನಷ್ಟವಾದರೆ ತುಂಬಿಕೊಡುವೆವೆಂದು ಊರವರು ಮುಂಚೆಯೇ ಹಣ ಕೂಡಿಸಿಟ್ಟಿದ್ದರು. ವರ್ಷದ ಕೊನೆಗೆ ಲಾಭವೇ ಬಂದುದರಿಂದ ಆ ಹಣವು ಬೇಕಾಗಲಿಲ್ಲ. ನಮ್ಮಲ್ಲಿಯೂ ಬಡ ರೈತನೊಬ್ಬನು ಹೊಲವನ್ನು ಪ್ರಯೋಗಕ್ಕೆ ಕೊಟ್ಟಾಗ ಅವನ ಬೆನ್ನಿಗೆ ಊರು ನಿಲ್ಲುವುದು ನ್ಯಾಯ.

೪. ಸತ್ಯ. ವಿದ್ಯಾರ್ಥಿಯು ಇಳುವರಿ, ಖರ್ಚು, ಸಾಲಗಳನ್ನು ಕೇಳಿದಾಗ ಮರ್ಯಾದೆಗಾಗಿ ಹೆಚ್ಚಿಸಿಯೂ, ಸವಲತ್ತಿನ ಆಸೆಯಿಂದ ತಗ್ಗಿಸಿಯೂ ಹೇಳಬಾರದು. ತಪ್ಪು ಲೆಕ್ಕವನ್ನು ಕಲಿತ ವೈದ್ಯನು ತಪ್ಪು ಮದ್ದನ್ನೇ ಕೊಡುವನು.

೫. ರುಜು. ಇದು ಎಲ್ಲಕ್ಕಿಂತ ಮುಖ್ಯ. ಹೊಲಕ್ಕೆ ಬಾರದ ದಿನಕ್ಕೆ ದಾಕ್ಷಿಣ್ಯದಿಂದ ರುಜು ಹಾಕಬಾರದು. ಉಪಾಧ್ಯಾಯರು ಬಂದಾಗ ಯಾರು ದುಡಿದರು, ಯಾರು ದುಡಿಯಲಿಲ್ಲವೆಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಇಂದು ಹುಡುಗನಿಗೆ ಉಪಕಾರವೆಂದು ಹಾಕಿದ ಸುಳ್ಳು ರುಜುವು, ನಾಳೆ ಮತ್ತೊಂದು ಊರಿನ ರೈತನ ಬೆಳೆಯನ್ನು ಕೆಡಿಸುವುದು.

ನಮ್ಮ ಮಕ್ಕಳ ವಿಷಯ

ಕಡೆಯದಾಗಿ ಒಂದು ಮಾತು. ರಾಜ್ಯದ ಕೃಷಿ ವಿಶ್ವವಿದ್ಯಾಲಯಗಳಲ್ಲಿ ರೈತರ ಮಕ್ಕಳಿಗೆ ಸ್ಥಾನಗಳನ್ನು ಮೀಸಲಿಟ್ಟಿರುವರು. ಆ ಸ್ಥಾನಗಳಿಗಾಗಿ ಬೀಜ, ಗೊಬ್ಬರ, ಬೇಸಾಯದ ಉಪಕರಣ ಮೊದಲಾದುವನ್ನು ಗುರುತಿಸಿ ಹೇಳುವ ಪ್ರಾಯೋಗಿಕ ಪರೀಕ್ಷೆಯನ್ನೂ ನಡೆಸುತ್ತ ಬಂದಿರುವರು. ಎಷ್ಟೋ ಜಮೀನುದಾರರ ಮಕ್ಕಳು ಪಟ್ಟಣದಲ್ಲಿ ಬೆಳೆದು, ಸಜ್ಜೆಗೂ ನವಣೆಗೂ ವ್ಯತ್ಯಾಸ ತಿಳಿಯದೆ ಪೇಚಿಗೆ ಸಿಕ್ಕುವರು. ರಜೆಯ ದಿನಗಳಲ್ಲಿ ಮಗನನ್ನೂ ಮಗಳನ್ನೂ ಹೊಲಕ್ಕೂ ಕಣಕ್ಕೂ ಕರೆದುಕೊಂಡು ಹೋಗುವ ತಂದೆಯು ಅವರಿಗೆ ಮೊದಲನೆಯ ಕಾರ್ಯಾನುಭವವನ್ನು ಕೊಟ್ಟಂತೆಯೇ ಸರಿ.

ಕೈ ಕೆಸರಾದರೆ ಬಾಯಿ ಮೊಸರೆಂಬ ಗಾದೆಯು ರೈತನಿಗೆ ಹೇಗೋ ವಿದ್ಯಾವಂತನಿಗೂ ಹಾಗೆಯೇ ಸಲ್ಲುವುದು. ಊರಿಗೆ ಬರುವ ಈ ತರುಣ ತರುಣಿಯರು ಇನ್ನು ಕೆಲವು ವರ್ಷಗಳಲ್ಲಿ ರೈತ ಸಂಪರ್ಕ ಕೇಂದ್ರದಲ್ಲಿಯೋ, ಬ್ಯಾಂಕಿನಲ್ಲಿಯೋ, ಬೀಜದ ಅಂಗಡಿಯಲ್ಲಿಯೋ ನಮ್ಮೆದುರಿಗೆ ಕುಳಿತಿರುವರು. ಅಂದು ನಮಗೆ ಸರಿಯಾದ ಸಲಹೆ ದೊರೆಯಬೇಕಾದರೆ ಇಂದು ಅವರ ಕೈಗೆ ಕುಂಟೆಯನ್ನು ಕೊಡಬೇಕು. ಈ ಹಂಗಾಮಿನಲ್ಲಿ ತಮ್ಮ ಗ್ರಾಮಕ್ಕೆ ವಿದ್ಯಾರ್ಥಿಗಳ ತಂಡವು ಬಂದರೆ, ಹಿರಿಯರು ಅವರನ್ನು ಕಟ್ಟೆಯಿಂದ ಎಬ್ಬಿಸಿ ಹೊಲಕ್ಕೆ ಕರೆದೊಯ್ಯುವರೆಂದು ನಂಬುತ್ತೇವೆ.