ಮೋಟಾರು ಸೈಕಲ್ಲಿನ ಉಚ್ಛ್ವಾಸ-ನಿಶ್ವಾಸ

ಪ್ರಾಣಿಯ ದೇಹಬಲವು ಅದು ತಿನ್ನುವ ಆಹಾರವೊಂದನ್ನೇ ಅವಲಂಬಿಸಿರುವುದಿಲ್ಲ. ಉಂಡದ್ದು ಶಕ್ತಿಯಾಗಿ ಪರಿಣಮಿಸಬೇಕಾದರೆ ಶುದ್ಧವಾಯುವು ಒಳಗೆ ಬರಬೇಕು, ಕೆಟ್ಟ ವಾಯುವು ಹೊರಗೆ ಹೋಗಬೇಕು. ಮೋಟಾರು ಸೈಕಲ್ಲಿನ ಎಂಜಿನ್ನಿಗೂ ಇದೇ ನ್ಯಾಯ ಸಲ್ಲುತ್ತದೆ. ಪೆಟ್ರೋಲು ಅದರ ಆಹಾರ. ಏರ್ ಫಿಲ್ಟರು ಮತ್ತು ಕಾರ್ಬ್ಯುರೇಟರುಗಳ ಮಾರ್ಗವು ಉಚ್ಛ್ವಾಸ. ಹೊಗೆಕೊಳವೆ ಮತ್ತು ಸೈಲೆನ್ಸರುಗಳ ಮಾರ್ಗವು ನಿಶ್ವಾಸ. ಈ ಎರಡು ಮಾರ್ಗಗಳನ್ನು ತಿದ್ದಿ ಎಂಜಿನ್ನಿನ ಬಲವನ್ನು ಹೆಚ್ಚಿಸಬಹುದೆಂಬುದು ಸತ್ಯ. ಆದರೆ ಫಿಲ್ಟರನ್ನು ಕಿತ್ತೊಗೆದು, ಸೈಲೆನ್ಸರನ್ನು ಕೊಯ್ಯಿಸಿ, ಊರೆಲ್ಲ ನಡುಗುವಂತೆ ಸದ್ದು ಮಾಡಿದರೆ ಬಲವು ತಾನಾಗಿ ಬಂದೀತೆಂಬುದು ಭ್ರಮೆ. ತಂದೆತಾಯಿಗಳು ಸಾಲ ಮಾಡಿ ಕೊಡಿಸಿದ ವಾಹನವು ಈ ಭ್ರಮೆಯಿಂದಾಗಿ ವರ್ಷದೊಳಗೆ ಗ್ಯಾರೇಜಿನ ಮೂಲೆ ಸೇರುವುದುಂಟು. ಆದುದರಿಂದ ಸತ್ಯವಾವುದು, ಭ್ರಮೆಯಾವುದು ಎಂಬುದನ್ನು ವಿವೇಚಿಸುವುದು ಯುಕ್ತವಾಗಿದೆ.

ಮೊದಲು ಎಂಜಿನ್ನಿನ ಕ್ರಮವನ್ನು ತಿಳಿಯೋಣ. ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಪಿಸ್ಟನ್ನು ಕೆಳಗಿಳಿಯುವಾಗ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವು ಒಳಸೇರುತ್ತದೆ. ಮೇಲೇರುವಾಗ ಅದು ಒತ್ತಲ್ಪಡುತ್ತದೆ. ಕಿಡಿ ತಗುಲಿ ಉರಿದಾಗ ಪಿಸ್ಟನ್ನು ಬಲವಾಗಿ ಕೆಳಕ್ಕೆ ನೂಕಲ್ಪಡುತ್ತದೆ. ಮತ್ತೆ ಮೇಲೇರುವಾಗ ಸುಟ್ಟ ಅನಿಲವು ಹೊರದೂಡಲ್ಪಡುತ್ತದೆ. ಒಂದು ಕಿಲೋಗ್ರಾಂ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು 14.7 ಕಿಲೋಗ್ರಾಂ ಗಾಳಿ ಬೇಕು. ಅಳತೆಯಲ್ಲಿ ಹೇಳುವುದಾದರೆ, ಒಂದು ಲೀಟರ್ ಪೆಟ್ರೋಲಿಗೆ ಸುಮಾರು 9,000 ಲೀಟರ್ ಗಾಳಿ! ಹಳೆಯ ಬುಲೆಟ್ 350 ವಾಹನದ ಸಿಲಿಂಡರಿನ ಗಾತ್ರವು 346 ಘನ ಸೆಂಟಿಮೀಟರ್. ಅದು ನಿಮಿಷಕ್ಕೆ 4,000 ಸುತ್ತು ತಿರುಗುವಾಗ 2,000 ಬಾರಿ ಉಸಿರೆಳೆಯುತ್ತದೆ. ಪ್ರತಿಸಲವೂ ಸಿಲಿಂಡರು ಪೂರ್ಣವಾಗಿ ತುಂಬಿದರೆ ಸುಮಾರು 690 ಲೀಟರ್ ಗಾಳಿಯನ್ನು ಸೇವಿಸಿದಂತಾಗುತ್ತದೆ. ಆದರೆ ಫಿಲ್ಟರು, ಬಾಗಿದ ಕೊಳವೆ, ಕವಾಟ ಇವುಗಳ ಅಡಚಣೆಯಿಂದ ಸಿಲಿಂಡರು ಸಾಮಾನ್ಯವಾಗಿ ಪೂರ್ಣವಾಗಿ ತುಂಬುವುದಿಲ್ಲ. ಈ ಕೊರತೆಯನ್ನು ಕಡಿಮೆ ಮಾಡುವುದೇ ಎಲ್ಲ ಮಾರ್ಪಾಡುಗಳ ಗುರಿ.

ಹಾಗಾದರೆ ಫಿಲ್ಟರನ್ನೇ ತೆಗೆದುಬಿಟ್ಟರೆ ತಪ್ಪೇನು? ತಪ್ಪು ಎರಡು ಬಗೆಯದು. ಮೊದಲನೆಯದು ಧೂಳು. ಬಯಲುಸೀಮೆಯ ರಸ್ತೆಯ ಧೂಳಿನಲ್ಲಿರುವ ಸೂಕ್ಷ್ಮವಾದ ಮರಳಿನ ಕಣಗಳು ಪಿಸ್ಟನ್ನಿನ ಉಂಗುರಗಳ ನಡುವೆ ಸಿಕ್ಕಿ, ಸಾಣೆಕಲ್ಲಿನಂತೆ ಸಿಲಿಂಡರಿನ ಗೋಡೆಯನ್ನು ಸವೆಸುತ್ತವೆ. ಎರಡನೆಯದು ಮಿಶ್ರಣದ ಹದಗೇಡು. ಕಾರ್ಬ್ಯುರೇಟರಿನೊಳಗಿನ ಜೆಟ್ ಎಂಬ ಸಣ್ಣ ರಂಧ್ರವು ಮೂಲ ಫಿಲ್ಟರಿನ ಅಡಚಣೆಗೆ ಹೊಂದುವಂತೆ ಅಳೆದು ಕೊರೆದದ್ದು. ಅಡಚಣೆ ತಪ್ಪಿದರೆ ಗಾಳಿ ಹೆಚ್ಚುತ್ತದೆ, ಪೆಟ್ರೋಲು ತಕ್ಕಷ್ಟು ಹೆಚ್ಚುವುದಿಲ್ಲ. ಆಗ ಮಿಶ್ರಣ ತೆಳುವಾಗಿ, ಎಂಜಿನ್ನು ಮಿತಿಮೀರಿ ಕಾಯುತ್ತದೆ, ಕವಾಟ ಸುಡುತ್ತದೆ, ಕೆಲವೊಮ್ಮೆ ಪಿಸ್ಟನ್ನಿನ ತಲೆಯೇ ತೂತುಬೀಳುತ್ತದೆ. ಪೆಟ್ರೋಲಿಗೆ ಎಣ್ಣೆ ಬೆರೆಸಿ ಓಡಿಸುವ ಎರಡು ಹೊಡೆತದ ವಾಹನಗಳಲ್ಲಿ ಅಪಾಯ ಇನ್ನೂ ಹೆಚ್ಚು. ಅದೆಂತೆಂದರೆ, ಅಲ್ಲಿ ಪೆಟ್ರೋಲು ಕಡಿಮೆಯಾದರೆ ಎಣ್ಣೆಯೂ ಕಡಿಮೆಯಾದಂತೆ. ಓಡುತ್ತಿದ್ದ ಎಂಜಿನ್ನು ನಡುದಾರಿಯಲ್ಲಿ ಸೀಜ್ ಆಗಿ ಹಿಂದಿನ ಚಕ್ರ ಹಠಾತ್ತನೆ ನಿಂತು, ಸವಾರನ ಪ್ರಾಣಕ್ಕೇ ಸಂಚಕಾರ ಒದಗಬಹುದು.

ಇನ್ನು ನಿಶ್ವಾಸದ ವಿಚಾರ. ಸೈಲೆನ್ಸರ್ ಎಂಬ ಹೆಸರು ಮೌನಗೊಳಿಸುವುದೆಂಬ ಅರ್ಥವನ್ನಷ್ಟೇ ಕೊಡುವುದರಿಂದ, ಅದಕ್ಕೆ ಬೇರೆ ಕೆಲಸವಿಲ್ಲವೆಂದು ಜನರು ಬಗೆದಿದ್ದಾರೆ. ಆದರೆ ಹೊಗೆಕೊಳವೆಯೊಂದಿಗೆ ಸೇರಿ ಅದು ಎಂಜಿನ್ನಿನ ಉಸಿರಾಟದಲ್ಲಿ ಪಾಲುಗೊಳ್ಳುತ್ತದೆ. ಕವಾಟ ತೆರೆದೊಡನೆ ಸುಟ್ಟ ಅನಿಲವು ಕೊಳವೆಯೊಳಕ್ಕೆ ನುಗ್ಗಿ, ಒತ್ತಡದ ಒಂದು ಅಲೆಯನ್ನು ಎಬ್ಬಿಸುತ್ತದೆ. ಕಾದ ಅನಿಲದಲ್ಲಿ ಆ ಅಲೆಯು ಸೆಕೆಂಡಿಗೆ ಸುಮಾರು 500 ಮೀಟರ್ ವೇಗದಿಂದ ಸಾಗುತ್ತದೆ. ಕೊಳವೆ ಅಗಲವಾಗುವಲ್ಲಿ ಅಥವಾ ಕೊನೆಗೊಳ್ಳುವಲ್ಲಿ ಅದರ ಒಂದು ಭಾಗವು ಕಡಿಮೆ ಒತ್ತಡದ ಅಲೆಯಾಗಿ ಹಿಂದಿರುಗುತ್ತದೆ. ಒಳಕವಾಟ ತೆರೆಯುತ್ತಿದ್ದು ಹೊರಕವಾಟ ಇನ್ನೂ ಮುಚ್ಚದಿರುವ ಅಲ್ಪಕಾಲದಲ್ಲಿ ಈ ಅಲೆ ಮರಳಿ ಬಂದರೆ, ಉಳಿದ ಹೊಗೆಯನ್ನು ಹೊರಕ್ಕೆಳೆದು ಹೊಸ ಮಿಶ್ರಣವನ್ನು ಒಳಕ್ಕೆ ಬರಮಾಡಿಕೊಳ್ಳುತ್ತದೆ. ಎಂಜಿನ್ನು ನಿಮಿಷಕ್ಕೆ 6,000 ಸುತ್ತು ತಿರುಗುವಾಗ ಒಂದು ಸುತ್ತಿಗೆ ಹಿಡಿಯುವ ಕಾಲ ಸೆಕೆಂಡಿನ ನೂರನೆಯ ಒಂದು ಭಾಗ ಮಾತ್ರ. ಅಷ್ಟರಲ್ಲಿ ಅಲೆಯು ಸಾಗುವ ದೂರ 5 ಮೀಟರ್. ಆದುದರಿಂದ ಕೊಳವೆಯ ಉದ್ದದಲ್ಲಿ ಒಂದು ಗೇಣು ವ್ಯತ್ಯಾಸವಾದರೂ ಅಲೆ ಬಂದು ಸೇರುವ ಹೊತ್ತು ತಪ್ಪುತ್ತದೆ. ಕೊಳಲಿನ ರಂಧ್ರ ಸ್ಥಾನ ತಪ್ಪಿದರೆ ಸ್ವರ ಕೆಡುವಂತೆ, ಮನಬಂದಂತೆ ಕೊಯ್ದ ಕೊಳವೆಯಿಂದ ಎಂಜಿನ್ನಿನ ಶ್ರುತಿ ಕೆಡುತ್ತದೆ. ಅಗತ್ಯಕ್ಕಿಂತ ಅಗಲವಾದ ಕೊಳವೆಯನ್ನು ಹಾಕಿದಾಗ ಅನಿಲದ ವೇಗ ತಗ್ಗಿ, ಏರು ಹತ್ತುವಾಗ ಬೇಕಾದ ಕೆಳಸುತ್ತಿನ ಎಳೆತವು ಕುಂದುತ್ತದೆ. ಸದ್ದು ಏರಿರುತ್ತದೆ, ಬಲ ಇಳಿದಿರುತ್ತದೆ.

ಉಚ್ಛ್ವಾಸ ಮತ್ತು ನಿಶ್ವಾಸಗಳನ್ನು ಒಂದಕ್ಕೊಂದು ಹೊಂದಿಸಿ ಬಲವನ್ನು ಸಾಧಿಸಿದ ನಿದರ್ಶನವು ಪೂರ್ವ ಜರ್ಮನಿಯಲ್ಲಿ ದೊರೆಯುತ್ತದೆ. ತ್ಸೊಪೌ ಎಂಬ ಊರಿನ ಎಂಜೆಡ್ ಕಾರ್ಖಾನೆಯಲ್ಲಿ ವಾಲ್ಟರ್ ಕಾಡೆನ್ ಎಂಬ ತಂತ್ರಜ್ಞನು 1950ರ ದಶಕದಲ್ಲಿ ಎರಡು ಹೊಡೆತದ ಪಂದ್ಯದ ಎಂಜಿನ್ನುಗಳ ಮೇಲೆ ಪ್ರಯೋಗ ನಡೆಸಿದನು. ಇಂಥ ಎಂಜಿನ್ನಿನಲ್ಲಿ ಹೊಸ ಮಿಶ್ರಣದ ಸ್ವಲ್ಪ ಭಾಗವು ಉರಿಯುವ ಮೊದಲೇ ಹೊಗೆದಾರಿಯಲ್ಲಿ ಸೋರಿಹೋಗುತ್ತದೆ. ಮೊದಲು ಅಗಲವಾಗುತ್ತ ಹೋಗಿ, ನಂತರ ಕಿರಿದಾಗುವ ಹೊಟ್ಟೆಯುಬ್ಬಿದ ಕೊಳವೆಯನ್ನು ಅವನು ಪರಿಷ್ಕರಿಸಿದನು. ಅದರ ಅಗಲವಾಗುವ ಭಾಗದಿಂದ ಮರಳುವ ಅಲೆಯು ಸಿಲಿಂಡರನ್ನು ಬರಿದುಮಾಡಲು ನೆರವಾಗುತ್ತದೆ. ಕಿರಿದಾಗುವ ಭಾಗದಿಂದ ಮರಳುವ ಅಲೆಯು ಸೋರಿದ ಮಿಶ್ರಣವನ್ನು ಸಿಲಿಂಡರಿನೊಳಕ್ಕೇ ಹಿಂದೂಡುತ್ತದೆ. ಅವನು ಅಷ್ಟಕ್ಕೇ ನಿಲ್ಲದೆ, ಒಳಬರುವ ದಾರಿಗೆ ತಿರುಗುವ ತಟ್ಟೆಯ ಕವಾಟವನ್ನು ಅಳವಡಿಸಿ ಎರಡನ್ನೂ ಹೊಂದಿಸಿದನು. ಇದರ ಫಲವಾಗಿ ಕೇವಲ 125 ಘನ ಸೆಂಟಿಮೀಟರಿನ ಎಂಜಿನ್ನು 1961ರ ಹೊತ್ತಿಗೆ 25 ಅಶ್ವಶಕ್ತಿಯನ್ನು ನೀಡಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಆ ತಂಡದ ಸವಾರ ಅರ್ನ್‌ಸ್ಟ್ ಡೆಗ್ನರ್ ಸ್ವೀಡನ್ನಿನ ಪಂದ್ಯದ ಬಳಿಕ ತನ್ನ ದೇಶವನ್ನು ತೊರೆದು ಜಪಾನಿನ ಸುಜುಕಿ ಸಂಸ್ಥೆಯನ್ನು ಸೇರಿದನು. ಅವನೊಂದಿಗೆ ಈ ವಿದ್ಯೆಯೂ ಹೋಯಿತು. 1962ರಲ್ಲಿ 50 ಘನ ಸೆಂಟಿಮೀಟರ್ ವರ್ಗದ ವಿಶ್ವಪ್ರಶಸ್ತಿ ಸುಜುಕಿಗೆ ದೊರೆಯಿತು. ಆದರೆ ಇಂಥ ಕೊಳವೆಯು ಸುತ್ತುಗಳ ಒಂದು ಕಿರಿದಾದ ವ್ಯಾಪ್ತಿಯಲ್ಲಿ ಮಾತ್ರ ಫಲ ಕೊಡುತ್ತದೆ; ಅದರ ಕೆಳಗೆ ಎಂಜಿನ್ನು ಸೊರಗುತ್ತದೆ. ಪಂದ್ಯಕ್ಕೆ ಒಪ್ಪುವುದು ಪೇಟೆಯ ಬೀದಿಗೆ ಒಪ್ಪದಿರಲು ಇದೇ ಕಾರಣ.

ಕನ್ನಡ ನಾಡಿಗೂ ಎರಡು ಹೊಡೆತದ ಎಂಜಿನ್ನಿಗೂ ನಿಕಟ ಸಂಬಂಧವುಂಟು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1996ರಲ್ಲಿ ಮುಚ್ಚುವವರೆಗೆ ಜಾವಾ ಮತ್ತು ಯೆಜ್ಡಿ ವಾಹನಗಳನ್ನು ತಯಾರಿಸಿತು. ಇವುಗಳ ಸೈಲೆನ್ಸರಿನಲ್ಲಿ ಎಣ್ಣೆಯ ಮಸಿ ಕಟ್ಟಿಕೊಂಡು ಉಸಿರು ಬಿಗಿಯುತ್ತಿತ್ತು. ಬಲ್ಲ ಮೆಕ್ಯಾನಿಕ್ಕುಗಳು ಒಳಗಿನ ಬ್ಯಾಫಲ್ ಕೊಳವೆಯನ್ನು ಹೊರತೆಗೆದು, ಮಸಿಯನ್ನು ಸುಟ್ಟು ಕೆರೆದು, ಮತ್ತೆ ಅಲ್ಲಿಯೇ ಜೋಡಿಸುತ್ತಿದ್ದರು; ವಾಹನವು ಮೊದಲಿನಂತೆ ಓಡುತ್ತಿತ್ತು. ಬ್ಯಾಫಲನ್ನೇ ಎಸೆದವರಿಗೆ ದಕ್ಕುತ್ತಿದ್ದುದು ಬಹುಮಟ್ಟಿಗೆ ಸದ್ದು ಮಾತ್ರ.

ಆದುದರಿಂದ ಕಾರ್ಬ್ಯುರೇಟರುಳ್ಳ ವಾಹನದ ಬಲವನ್ನು ಹೆಚ್ಚಿಸಬಯಸುವವರು ಒಂದು ಕ್ರಮವನ್ನು ಅನುಸರಿಸಬೇಕು. ಮೊದಲು ಕವಾಟಗಳ ಅಂತರ, ಕಿಡಿಯ ಕಾಲ, ಫಿಲ್ಟರಿನ ಶುದ್ಧಿ ಇವುಗಳನ್ನು ಪರೀಕ್ಷಿಸಬೇಕು. ಕಳೆದುಹೋಯಿತೆಂದುಕೊಂಡ ಬಲವು ಹಲವು ವೇಳೆ ಇಲ್ಲಿಯೇ ಮರಳಿ ದೊರೆಯುತ್ತದೆ. ಅನಂತರ, ಧೂಳನ್ನು ತಡೆದು ಗಾಳಿಯನ್ನು ಸರಾಗವಾಗಿ ಬಿಡುವ ಫಿಲ್ಟರನ್ನೂ, ಆ ಎಂಜಿನ್ನಿಗೆಂದೇ ಅಳೆದು ಮಾಡಿದ ಹೊಗೆಕೊಳವೆಯನ್ನೂ ಆಯಬೇಕು. ಇವುಗಳಿಗೆ ಹೊಂದುವ ಜೆಟ್ಟನ್ನು ಹಾಕಿಸಿ, ವಾಹನವನ್ನು ಕೆಲವು ಮೈಲಿ ಓಡಿಸಿ, ಪ್ಲಗ್ಗನ್ನು ಬಿಚ್ಚಿ ನೋಡಬೇಕು. ಅದರ ತುದಿ ತಿಳಿಗಂದಾಗಿದ್ದರೆ ಮಿಶ್ರಣ ಹದವಾಗಿದೆ, ಬೆಳ್ಳಗಿದ್ದರೆ ತೆಳುವಾಗಿದೆ, ಕಪ್ಪು ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚಾಗಿದೆ. ಇಷ್ಟೆಲ್ಲ ಮಾಡಿದರೂ ಸಾಮಾನ್ಯ ವಾಹನದಲ್ಲಿ ದೊರೆಯುವ ಹೆಚ್ಚಳವು ಅಲ್ಪವೇ.

2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ನಿಯಮಗಳ ತರುವಾಯದ ವಾಹನಗಳಲ್ಲಂತೂ ಎಚ್ಚರಿಕೆ ಇಮ್ಮಡಿಯಾಗಿರಬೇಕು. ಇವುಗಳಲ್ಲಿ ವಿದ್ಯುನ್ಮಾನ ಸಾಧನವು ಹೊಗೆಯಲ್ಲಿರುವ ಆಮ್ಲಜನಕವನ್ನು ಅಳೆದು ಪೆಟ್ರೋಲನ್ನು ಚಿಮ್ಮಿಸುತ್ತದೆ. ಹೊಗೆಮಾರ್ಗದಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರು ವಿಷಾನಿಲಗಳನ್ನು ನಿರಪಾಯಗೊಳಿಸುತ್ತದೆ. ಅದನ್ನು ಕಿತ್ತುಹಾಕಿದವನು ತನ್ನ ನೆರೆಹೊರೆಯವರ ಉಸಿರಿಗೆ ವಿಷ ಬೆರೆಸಿದಂತೆಯೇ ಸರಿ. ಕಾನೂನೂ ಇದನ್ನು ಒಪ್ಪುವುದಿಲ್ಲ. 175 ಘನ ಸೆಂಟಿಮೀಟರಿಗೆ ಮೀರಿದ ದ್ವಿಚಕ್ರ ವಾಹನಗಳನ್ನು ತಯಾರಿಸುವಾಗ ಸದ್ದು 80 ಡೆಸಿಬೆಲ್ ಮೀರಬಾರದೆಂಬ ನಿಯಮವಿದೆ. ಹತ್ತು ಡೆಸಿಬೆಲ್ ಏರಿತೆಂದರೆ ಧ್ವನಿಶಕ್ತಿಯು ಹತ್ತು ಪಟ್ಟಾಯಿತೆಂದು ಅರ್ಥ. 1988ರ ಮೋಟಾರು ವಾಹನ ಕಾಯಿದೆಯ 2019ರ ತಿದ್ದುಪಡಿಯಂತೆ, ಶಬ್ದ ಮತ್ತು ವಾಯುಮಾಲಿನ್ಯದ ನಿಯಮಗಳನ್ನು ಮೀರಿದವರಿಗೆ ಮೊದಲ ಸಲವೇ ಮೂರು ತಿಂಗಳವರೆಗೆ ಸೆರೆವಾಸ ಅಥವಾ 10,000 ರೂಪಾಯಿಯವರೆಗೆ ದಂಡ, ಇಲ್ಲವೆ ಎರಡನ್ನೂ ವಿಧಿಸಬಹುದು.

ತುಂಬಿದ ಕೊಡ ತುಳುಕುವುದಿಲ್ಲವೆಂಬ ನಾಣ್ಣುಡಿಯು ಎಂಜಿನ್ನಿನ ವಿಷಯದಲ್ಲಿಯೂ ಮನನೀಯವಾಗಿದೆ. ಆದರೆ ವೇಗದ ಹಂಬಲವುಳ್ಳ ವಿದ್ಯಾರ್ಥಿಯನ್ನು ಗದರಿಸಿದ ಮಾತ್ರಕ್ಕೆ ಕಾರ್ಯ ಮುಗಿಯುವುದಿಲ್ಲ. ಶಾಲೆಯ ವಿಜ್ಞಾನದ ತರಗತಿಯಲ್ಲಿ ಕೊಳವೆಯೊಳಗಿನ ಧ್ವನಿತರಂಗಗಳ ಪಾಠ ನಡೆಯುವಾಗ, ಅದೇ ತರಂಗವು ಹೊರಗೆ ನಿಂತಿರುವ ಮೋಟಾರು ಸೈಕಲ್ಲಿನ ಹೊಗೆಕೊಳವೆಯಲ್ಲಿಯೂ ಇದೆಯೆಂದು ಅಧ್ಯಾಪಕರು ತೋರಿಸಿಕೊಡಬೇಕು. ಗ್ಯಾರೇಜು ನಡೆಸುತ್ತಿರುವ ಹಳೆಯ ವಿದ್ಯಾರ್ಥಿಗಳು ಒಂದು ಬಿಚ್ಚಿದ ಕಾರ್ಬ್ಯುರೇಟರನ್ನೂ, ಒಂದು ಸೀಳಿದ ಸೈಲೆನ್ಸರನ್ನೂ ಶಾಲೆಯ ಪ್ರಯೋಗಾಲಯಕ್ಕೆ ಒದಗಿಸಿದರೆ ಅದು ಬೆಲೆಯುಳ್ಳ ಕೊಡುಗೆಯಾದೀತು. ಒಳಗಿನ ರಚನೆಯನ್ನು ಕಣ್ಣಾರೆ ಕಂಡ ಹುಡುಗನು ಗರಗಸವನ್ನು ಕೈಗೆತ್ತಿಕೊಳ್ಳುವ ಮೊದಲು ಒಮ್ಮೆ ಯೋಚಿಸುವನು.